ವಾರ್ಡು ಯಾಕೆ ಪಾಠ ಕಲಿಯುವುದಿಲ್ಲ

1943ರಲ್ಲಿ ಬರ್ಮಿಂಗ್‌ಹ್ಯಾಮ್‌ನ ನಾರ್ತ್‌ಫೀಲ್ಡ್ ಸೇನಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಲ್ಫ್ರೆಡ್ ಬಿಯಾನ್ ಒಂದು ಪ್ರಯೋಗಕ್ಕೆ ಕೈಹಾಕಿದರು. ಯುದ್ಧದಿಂದ ಮನಸ್ಸು ಜರ್ಜರಿತವಾಗಿ ಬಂದ ಸೈನಿಕರು ದಿನಕ್ಕೊಮ್ಮೆ ಒಟ್ಟು ಸೇರಬೇಕು, ತಮ್ಮ ವಾರ್ಡು ಹೇಗೆ ನಡೆಯುತ್ತಿದೆಯೆಂದು ತಾವೇ ನೋಡಬೇಕು. ಆರೇ ವಾರಕ್ಕೆ ಮೇಲಿನವರು ಅದನ್ನು ನಿಲ್ಲಿಸಿಬಿಟ್ಟರು.

ಮಾನಸಿಕ ಆರೋಗ್ಯದ ವಾರ್ಡು ತನ್ನನ್ನು ತಾನೇ ನೋಡಿ ಕಲಿಯಲು ಯಾಕೆ ಹಿಂಜರಿಯುತ್ತದೆ ಎಂಬುದಕ್ಕೆ ನನಗೆ ಇಂದಿಗೂ ಸರಿಯೆನಿಸುವ ಉತ್ತರ ಮನೋವಿಶ್ಲೇಷಕಿ ಇಸಬೆಲ್ ಮೆನ್ಜೀಸ್ ಅವರದು. ಲಂಡನ್ನಿನ ಒಂದು ಬೋಧನಾ ಆಸ್ಪತ್ರೆಯ ನರ್ಸುಗಳನ್ನು ಅಧ್ಯಯನ ಮಾಡಿ 1960ರ ಹೊತ್ತಿಗೆ ಅವರು ಬರೆದದ್ದು ಇದು: ರೋಗಿಗೆ ಹೆಸರಿಲ್ಲ, ಅವನು '10ನೇ ಹಾಸಿಗೆಯ ಲಿವರ್'. ಕೆಲಸವೆಲ್ಲ ತುಂಡು ತುಂಡು. ಒಂದು ವಾರ್ಡಿಗೆ ಒಗ್ಗಿಕೊಳ್ಳುವಷ್ಟರಲ್ಲಿ ನರ್ಸಿಗೆ ಇನ್ನೊಂದು ವಾರ್ಡು. ಸಣ್ಣ ತೀರ್ಮಾನವೂ ಮೇಲಿನವರ ಮೇಜಿಗೆ. ದಕ್ಷತೆಯಂತೆ ಕಾಣುವ ಇದೆಲ್ಲ ನೋವು, ಸಾವುಗಳ ಆತಂಕವನ್ನು ದೂರವಿಡುವ ಉಪಾಯ. ಅವರು ನೋಡಿದ್ದು ಮಾನಸಿಕ ಆಸ್ಪತ್ರೆಯಲ್ಲ, ನಿಜ. ಆದರೆ ಆರೈಕೆ ಮಾಡುವವರ ಮನಸ್ಸೇ ಉಪಕರಣವಾಗಿರುವ ಕಡೆ ಈ ಮಾತು ಇನ್ನೂ ಚುಚ್ಚುತ್ತದೆ.

ಸಂಸ್ಥೆಗಳು ಕಲಿಯುವ ಬಗೆಯನ್ನು ಅಧ್ಯಯನ ಮಾಡಿದ ಆರ್ಜಿರಿಸ್ ಮತ್ತು ಶೋನ್ 1978ರಲ್ಲಿ ಅದಕ್ಕೆ ಥರ್ಮೋಸ್ಟಾಟ್‌ನ ಹೋಲಿಕೆ ಕೊಟ್ಟರು. ಕೋಣೆ ತಣ್ಣಗಾದರೆ ಅದು ಹೀಟರ್ ಹಾಕುತ್ತದೆ. ಇಷ್ಟೇ ಬಿಸಿ ಯಾಕಿರಬೇಕು ಎಂದು ಮಾತ್ರ ಕೇಳುವುದಿಲ್ಲ. ತನಿಖೆಗಳ ಕಥೆಯೂ ಹೆಚ್ಚುಕಡಿಮೆ ಹೀಗೇ. ಕಾರ್ಡಿಫ್‌ನ ಈಲಿ ಆಸ್ಪತ್ರೆಯಲ್ಲಿ ರೋಗಿಗಳ ಮೇಲೆ ನಡೆದ ದೌರ್ಜನ್ಯ 1967ರಲ್ಲಿ ಹೊರಬಿದ್ದದ್ದು ಪತ್ರಿಕೆಯಿಂದ. ವರದಿ ಬಂದದ್ದು 1969ರಲ್ಲಿ. ಮಾನಸಿಕ ಆರೋಗ್ಯ ಸೇವೆಯಲ್ಲಿ ಚಿಕಿತ್ಸೆ ಪಡೆದವರಿಂದ ಕೊಲೆ ನಡೆದರೆ ಸ್ವತಂತ್ರ ತನಿಖೆ ಆಗಲೇಬೇಕೆಂದು ಇಂಗ್ಲೆಂಡ್ 1994ರಲ್ಲಿ ಹೇಳಿತು. ವರದಿಗಳು ಸಾಲುಗಟ್ಟಿದವು, ಶಿಫಾರಸುಗಳು ಮಾತ್ರ ಅವೇ: ಒಬ್ಬರಿಗೊಬ್ಬರು ತಿಳಿಸಿ, ಅಪಾಯವನ್ನು ಸರಿಯಾಗಿ ಅಳೆಯಿರಿ. ಪ್ರತಿ ಸಲವೂ ವಾರ್ಡಿಗೆ ಇನ್ನೊಂದು ಫಾರಂ ಬಂತು. ಮೆನ್ಜೀಸ್ ನೋಡಿದ್ದರೆ ಆ ಟಿಕ್ ಗುರುತುಗಳನ್ನೂ ತಮ್ಮ ಪಟ್ಟಿಗೆ ಸೇರಿಸಿಕೊಳ್ಳುತ್ತಿದ್ದರೇನೋ.

ಅಂಕಿ ನೋಡಿ ಕಲಿಯೋಣವೆಂದರೆ ಅಲ್ಲೂ ತೊಡಕು. ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಲೆಕ್ಕ ಹಾಕಿದಾಗ, ಹೊಂದಾಣಿಕೆ ಚೆನ್ನಾಗಿದ್ದ ತಂಡಗಳಲ್ಲೇ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಅಲ್ಲಿನವರು ಬಾಯಿಬಿಡಲು ಹೆದರುತ್ತಿರಲಿಲ್ಲ ಎಂಬುದು ಅವರ ವಿವರಣೆ.

ಬಾಯಿಬಿಡಲು ಜಾಗ ಬೇಕಲ್ಲ! ರೋಗಿಗಳೂ ಸಿಬ್ಬಂದಿಯೂ ಸೇರಿ ವಾರ್ಡಿನ ಬದುಕನ್ನು ನಡೆಸುವ ಚಿಕಿತ್ಸಾ ಸಮುದಾಯಗಳನ್ನು ಮನೋವೈದ್ಯ ಮ್ಯಾಕ್ಸ್‌ವೆಲ್ ಜೋನ್ಸ್ ಕಟ್ಟಿದರು. ಅಲ್ಲಿ ರೋಗಿಗಳ ಜೊತೆಗಿನ ಸಭೆ ಮುಗಿದ ಮೇಲೆ ಸಿಬ್ಬಂದಿ ಬೇರೆ ಕುಳಿತು ಅಲ್ಲಿ ನಡೆದದ್ದನ್ನೇ ಚರ್ಚಿಸುತ್ತಿದ್ದರು. ಈಗ ಜನ ಕಡಿಮೆಯಾದ ದಿನ ಮೊದಲು ರದ್ದಾಗುವುದು ಅಂಥ ಸಭೆಯೇ, ಏಕೆಂದರೆ ಹೊರಗಿನಿಂದ ಅದು ಸುಮ್ಮನೆ ಕೂತಂತೆ ಕಾಣುತ್ತದೆ. ಉಳಿಯುವುದು ಸೂಪರ್‌ವಿಷನ್, ಅಂದರೆ ಹಿರಿಯರೊಬ್ಬರ ಜೊತೆ ಕೂತು ತನ್ನ ಕೆಲಸದ ಬಗ್ಗೆ ಮಾತಾಡುವುದು. ಎಷ್ಟೋ ಕಡೆ ಅದನ್ನು ನಡೆಸುವವರೇ ಬಡ್ತಿಯ ವರದಿಯನ್ನೂ ಬರೆಯುತ್ತಾರೆ. 'ಆ ರೋಗಿಯನ್ನು ಕಂಡರೆ ನನಗೆ ಭಯ, ಅದಕ್ಕೇ ಹತ್ತಿರ ಹೋಗಲಿಲ್ಲ' ಎಂದು ಅವರೆದುರು ಯಾವ ನರ್ಸ್ ಹೇಳುತ್ತಾರೆ?