ಟ್ಯಾಬ್ ಒತ್ತಿದೆ, ಹೆಸರು ಬರಲಿಲ್ಲ

ಇರ್ಸಿ ಎಂಬ ಚಾಟ್ ಪ್ರೋಗ್ರಾಂನಲ್ಲಿ ಬಟನ್ ಇಲ್ಲ, ಚಿತ್ರ ಇಲ್ಲ. ಕಪ್ಪು ಪರದೆಯ ಮೇಲೆ ಬರೀ ಅಕ್ಷರ. 1988ರಲ್ಲಿ ಫಿನ್‌ಲ್ಯಾಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕರಿನೆನ್ ಶುರು ಮಾಡಿದ ಐಆರ್‌ಸಿ ಎಂಬ ಚಾಟ್ ವ್ಯವಸ್ಥೆಯಲ್ಲಿ ಹರಟೆ ಹೊಡೆಯಲು ಕೆಲವರು ಈಗಲೂ ಇದನ್ನೇ ಬಳಸುತ್ತಾರೆ. ಹಳೇ ಚಟ, ನನ್ನನ್ನೂ ಬಿಟ್ಟಿಲ್ಲ.

ಇದರಲ್ಲಿ ಯಾರನ್ನಾದರೂ ಕರೆಯಲು ಹೆಸರಿನ ಎರಡು ಅಕ್ಷರ ಬರೆದು ಟ್ಯಾಬ್ ಒತ್ತಿದರೆ ಸಾಕು. ಉಳಿದದ್ದು ತಾನೇ ಬರುತ್ತದೆ. ಒಂದು ದಿನ ಬರಲಿಲ್ಲ. ಮತ್ತೆ ಒತ್ತಿದೆ. ಊಹೂಂ.

ಮೊದಲ ಅನುಮಾನ ಕೀಬೋರ್ಡಿನ ಮೇಲೆ. ಟ್ಯಾಬ್ ಅಂದರೆ ಕಂಪ್ಯೂಟರಿಗೆ 9 ಎಂಬ ಸಂಖ್ಯೆ, ಅಷ್ಟೆ. ಕಂಟ್ರೋಲ್ ಹಿಡಿದು ಐ ಒತ್ತಿದರೂ ಟರ್ಮಿನಲ್ ಎಂಬ ಈ ಬರೀ ಅಕ್ಷರದ ಪರದೆಯಲ್ಲಿ ಅದೇ 9. ಅಕ್ಷರಕ್ಕೊಂದು ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ ದೊಡ್ಡ ಐ (I) ಅಕ್ಷರದ್ದು 73, ಕಂಟ್ರೋಲ್ ಅದರಲ್ಲಿ 64 ಕಳೆಯುತ್ತದೆ. ಇದು ಒಳ್ಳೆ ಪರೀಕ್ಷೆ: ಕಂಟ್ರೋಲ್-ಐ ನಡೆದು ಟ್ಯಾಬ್ ನಡೆಯದಿದ್ದರೆ ತಪ್ಪು ಕೀಲಿಯದ್ದು. ನನಗೆ ಎರಡೂ ನಡೆಯಲಿಲ್ಲ. ಯಾವ ಕೀಲಿಗೆ ಯಾವ ಕೆಲಸ ಎಂದು ತೋರಿಸುವ ಬೈಂಡ್ ಕಮಾಂಡ್ ಕೊಟ್ಟು ನೋಡಿದೆ. ಟ್ಯಾಬ್‌ಗೆ ವಹಿಸಿದ ಕೆಲಸ ಬದಲಾಗಿರಲಿಲ್ಲ.

ಉಳಿದದ್ದು ಸ್ಕ್ರಿಪ್ಟ್‌ಗಳು, ಅಂದರೆ ಇರ್ಸಿಗೆ ಹೊಸ ಕೆಲಸ ಕಲಿಸಲು ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಂಗಳು. ಮಜಾ ಇರುವುದೇ ಇಲ್ಲಿ. ಟ್ಯಾಬ್ ಒತ್ತಿದೊಡನೆ ಇರ್ಸಿ ತನ್ನೊಳಗೇ ಒಂದು ಕೂಗು ಹಾಕುತ್ತದೆ: ಈ ಪದ ಪೂರ್ತಿ ಮಾಡೋರು ಯಾರಿದ್ದೀರಿ? ಕೂಗು ಸಾಲಾಗಿ ಒಬ್ಬೊಬ್ಬರ ಕಿವಿಗೆ ಬೀಳುತ್ತದೆ. ಗೊತ್ತಿದ್ದವರು ತಮ್ಮ ಉತ್ತರವನ್ನು ಪಟ್ಟಿಗೆ ಸೇರಿಸುತ್ತಾರೆ. ಹೆಸರು ಹುಡುಕುವ ಇರ್ಸಿಯ ಸ್ವಂತ ಭಾಗವೂ ಇದೇ ಸಾಲಿನಲ್ಲಿ ನಿಂತಿರುತ್ತದೆ. ಆದರೆ ಮುಂದೆ ನಿಂತವರು 'ಸಾಕು, ನಿಲ್ಲಿಸು' ಅಂದರೆ ಹಿಂದಿನವರಿಗೆ ಕೂಗು ಕೇಳುವುದೇ ಇಲ್ಲ.

ನನ್ನಲ್ಲಿ ಇದ್ದದ್ದು 8 ಸ್ಕ್ರಿಪ್ಟ್. ಒಂದೊಂದೇ ತೆಗೆಯುವ ಬದಲು ಒಟ್ಟಿಗೆ 4 ತೆಗೆದೆ. ಹೆಸರು ಬಂತು! ಅಂದರೆ ಕಳ್ಳ ಆ ನಾಲ್ಕರಲ್ಲೇ ಇದ್ದಾನೆ ಅಲ್ವಾ? ಅದರಲ್ಲಿ 2 ವಾಪಸ್ ಹಾಕಿದೆ, ಆಮೇಲೆ ಇನ್ನೊಂದು. ಮೂರನೇ ಸುತ್ತಿಗೆ ಸಿಕ್ಕಿಬಿದ್ದ.

ನಾನೇ ಬರೆದ ಸ್ಕ್ರಿಪ್ಟ್. ಕೆಲವು ಗಿಡ್ಡ ಪದಗಳನ್ನು ಉದ್ದ ಮಾಡುವುದು ಅದರ ಕೆಲಸ. ಜಾಣತನ ತೋರಿಸಲು ಅದನ್ನು ಸಾಲಿನ ಮುಂದಕ್ಕೆ ನಿಲ್ಲಿಸಿದ್ದೆ. ಗಿಡ್ಡ ಪದ ಸಿಕ್ಕಾಗ ಮಾತ್ರ ಕೂಗು ನಿಲ್ಲಿಸಬೇಕಿತ್ತು. ಆದರೆ 'ನಿಲ್ಲಿಸು' ಎಂದು ಬರೆದ ಕೋಡಿನ ಸಾಲು ಆ ಷರತ್ತಿನ ಬ್ರಾಕೆಟ್ಟಿನಿಂದ ಹೊರಗೆ ಕೂತಿತ್ತು. ಹಾಗಾಗಿ ಯಾವ ಪದ ಬಂದರೂ ನಿಲ್ಲಿಸುತ್ತಿತ್ತು.

ಬ್ರಾಕೆಟ್ ಒಂದು ಸಾಲು ಕೆಳಗಿಳಿಸಿದೆ. ಎರಡು ಅಕ್ಷರ, ಟ್ಯಾಬ್, ಗೆಳೆಯನ ಹೆಸರು ಪೂರ್ತಿ ಬಂತು. ಖುಷಿಯಲ್ಲಿ ಹಾಗೇ ಕಳಿಸಿಯೂಬಿಟ್ಟೆ. 'ಏನೋ ಕರೆದೆ?' ಅಂದ. ಯಾಕೆ ಕರೆಯಲು ಹೊರಟಿದ್ದೆ ಅನ್ನೋದು ಅಷ್ಟರಲ್ಲಿ ಮರೆತೇಹೋಗಿತ್ತು.