ಅಮೆರಿಕ ಯುದ್ಧಕ್ಕೆ ಇಳಿಯುವ ಮೊದಲೇ ಬ್ರಿಟನ್ನಿನ ಪೈಲಟ್‌ಗಳು ಅಲ್ಲಿ ಕಲಿತದ್ದು ಹೇಗೆ?

ಓದುಗರ ಪ್ರಶ್ನೆ: ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಹುಡುಗರು ಟೆಕ್ಸಾಸ್‌ನ ಟೆರೆಲ್ ಎಂಬ ಸಣ್ಣ ಊರಿನಲ್ಲಿ ವಿಮಾನ ಹಾರಿಸಲು ಕಲಿತರಂತೆ. 1941ರಲ್ಲಿ ಅಮೆರಿಕ ಇನ್ನೂ ತಟಸ್ಥವಾಗಿತ್ತು ಅಲ್ವಾ? ಇದು ಹೇಗೆ ಸಾಧ್ಯವಾಯಿತು?

ಉತ್ತರ: ಹೌದು, ಅಮೆರಿಕವನ್ನು ಯುದ್ಧಕ್ಕೆ ಎಳೆದ ಪರ್ಲ್ ಹಾರ್ಬರ್ ದಾಳಿ ಆಗಿದ್ದು ಆ ವರ್ಷದ ಡಿಸೆಂಬರ್‌ನಲ್ಲಿ. ಟೆರೆಲ್‌ನಲ್ಲಿ ಅದಕ್ಕೆ ಕೆಲವು ತಿಂಗಳ ಮೊದಲೇ ತರಬೇತಿ ಶುರುವಾಗಿತ್ತು.

ಬ್ರಿಟನ್ನಿನಲ್ಲಿ ಹೊಸಬರಿಗೆ ಕಲಿಸುವುದು ಆಗ ತುಂಬಾ ಕಷ್ಟವಾಗಿತ್ತು. ಮೋಡ, ಮಂಜು, ರಾತ್ರಿ ದೀಪ ಹಚ್ಚುವಂತಿಲ್ಲ, ಜೊತೆಗೆ ಜರ್ಮನ್ ವಿಮಾನಗಳ ಭಯ. ಕೆನಡಾದಲ್ಲಿ ದೊಡ್ಡ ಪ್ರಮಾಣದಲ್ಲಿ ತರಬೇತಿ ನಡೆಯುತ್ತಿದ್ದರೂ ಅದೊಂದೇ ಸಾಲುತ್ತಿರಲಿಲ್ಲ. ಯುದ್ಧದಲ್ಲಿದ್ದ ಮಿತ್ರದೇಶಗಳಿಗೆ ಅಮೆರಿಕ ನೆರವು ಕೊಡಲು ಅವಕಾಶ ಮಾಡಿದ ಲೆಂಡ್-ಲೀಸ್ ಕಾಯ್ದೆ 1941ರ ಮಾರ್ಚ್‌ನಲ್ಲಿ ಬಂದು ದಾರಿ ತೆರೆಯಿತು. ಮರು ತಿಂಗಳು ಅಮೆರಿಕದ ಸೇನೆಯ ವಾಯುದಳದ ಮುಖ್ಯಸ್ಥ ಜನರಲ್ ಹ್ಯಾಪ್ ಅರ್ನಾಲ್ಡ್ ಬ್ರಿಟನ್ನಿಗೆ ಹೋಗಿ ತರಬೇತಿಗೆ ನೆರವು ಕೊಡುವುದಾಗಿ ಹೇಳಿದರು.

ಟೆರೆಲ್‌ನ ಬಗ್ಗೆ ಕೇಳಿದರೆ ಹೆಚ್ಚಿನವರು ಅಲ್ಲಿನ ಬಿಸಿಲಿನ ಮಾತು ಎತ್ತುತ್ತಾರೆ. ಬಿಸಿಲೂ ಬೇಕಿತ್ತು, ಸರಿ. ನನ್ನ ಪ್ರಕಾರ ನಿಜವಾದ ಜಾಣತನ ಇದ್ದದ್ದು ಶಾಲೆ ಕಟ್ಟಿದ ರೀತಿಯಲ್ಲಿ. ಅದು ಅಮೆರಿಕದ ಸೇನೆಯ ಶಾಲೆಯಲ್ಲ. ಡಲ್ಲಾಸ್‌ನಲ್ಲಿ ವಿಮಾನ ಶಾಲೆ ನಡೆಸುತ್ತಿದ್ದ ಮೇಜರ್ ವಿಲಿಯಂ ಲಾಂಗ್ ಗುತ್ತಿಗೆಯ ಮೇಲೆ ಅದನ್ನು ನಡೆಸಿದರು. ಹಾರಿಸಲು ಕಲಿಸಿದವರು ಅಮೆರಿಕದ ನಾಗರಿಕರು. ಪಾಠಕ್ರಮ ಮಾತ್ರ ಬ್ರಿಟನ್ನಿನ ವಾಯುಪಡೆ ಆರ್‌ಎಎಫ್‌ನದು, ಮೇಲ್ವಿಚಾರಣೆಗೆ ಅದರ ಕೆಲವೇ ಅಧಿಕಾರಿಗಳು. ಅಮೆರಿಕ ತಟಸ್ಥವಾಗಿದ್ದರಿಂದ, ಮೊದಲ ತಂಡಗಳ ಹುಡುಗರು ಕೆನಡಾದಿಂದ ಗಡಿ ದಾಟಿದ್ದು ಸಮವಸ್ತ್ರ ಬಿಟ್ಟು, ಬೂದು ಬಣ್ಣದ ಸೂಟು ತೊಟ್ಟು!

ಡಲ್ಲಾಸ್‌ನಿಂದ ಟೆರೆಲ್ ಸುಮಾರು 50 ಕಿಲೋಮೀಟರ್. ಅಲ್ಲಿ ವಿಮಾನ ಮೈದಾನ ಸಿದ್ಧವಾಗುವವರೆಗೆ ಡಲ್ಲಾಸ್‌ನ ಲವ್ ಫೀಲ್ಡ್ ವಿಮಾನ ನಿಲ್ದಾಣದಲ್ಲೇ ಪಾಠ ನಡೆಯಿತು. ಟೆರೆಲ್ ಸುತ್ತ ಸಮತಟ್ಟು ನೆಲ, ಬೇರೆ ವಿಮಾನಗಳ ಓಡಾಟ ಕಡಿಮೆ. ಕಲಿಯುವವರಿಗೆ ಇಂಥ ಜಾಗವೇ ಬೇಕು. ತರಬೇತಿಗೆ ಮೊದಲು ಎರಡು ರೆಕ್ಕೆ ಸಾಲಿನ ಸ್ಟಿಯರ್‌ಮನ್ ವಿಮಾನ, ಆಮೇಲೆ ಅದಕ್ಕಿಂತ ಬಲವಾದ ವಲ್ಟೀ ಬಿಟಿ-13, ಕೊನೆಗೆ ಇನ್ನೂ ಬಲವಾದ ಎಟಿ-6. ಮುಂದೆ ನಡುವಿನ ವಲ್ಟೀ ಕೈಬಿಟ್ಟು, ನೇರವಾಗಿ ಎಟಿ-6 ಹತ್ತಿಸತೊಡಗಿದರು. ಆ ಜಿಗಿತ ಸಣ್ಣದಲ್ಲ.

ಊರಿನವರು ಈ ಹುಡುಗರನ್ನು ಮನೆಗೆ ಕರೆದು ಊಟ ಹಾಕಿದರು. ಕೆಲವರು ಅಲ್ಲಿನ ಹುಡುಗಿಯರನ್ನೇ ಮದುವೆಯಾದರು. ಆದರೆ ತರಬೇತಿಗೂ ಬೆಲೆ ತೆರಬೇಕಾಯಿತು. 1943ರ ಫೆಬ್ರವರಿಯಲ್ಲಿ ಕೆಟ್ಟ ಹವೆಗೆ ಸಿಕ್ಕಿ ಎರಡು ಎಟಿ-6ಗಳು ಒಕ್ಲಹೋಮಾದ ಬೆಟ್ಟಗಳಿಗೆ ಬಡಿದು, ನಾಲ್ವರು ತೀರಿಕೊಂಡರು. ಟೆರೆಲ್‌ನ ಓಕ್‌ಲ್ಯಾಂಡ್ ಸ್ಮಶಾನದಲ್ಲಿ ಹೀಗೆ ತರಬೇತಿಯಲ್ಲೇ ಸತ್ತ ಆರ್‌ಎಎಫ್ ಹುಡುಗರ ಸಮಾಧಿಗಳಿವೆ. ಇವರು ಯುದ್ಧಭೂಮಿ ನೋಡಲೇ ಇಲ್ಲ. ಆದರೂ ಯುದ್ಧದಲ್ಲಿ ಸತ್ತವರ ಲೆಕ್ಕಕ್ಕೇ ಇವರನ್ನೂ ಸೇರಿಸಬೇಕು ಅಂತ ನನಗನಿಸುತ್ತದೆ.

ಅಮೆರಿಕ ಯುದ್ಧಕ್ಕೆ ಇಳಿದ ಮೇಲೆ ಸೂಟಿನ ಗುಟ್ಟು ಬೇಕಾಗಲಿಲ್ಲ. ಮುಂದೆ ಅಮೆರಿಕದ ಕೆಡೆಟ್‌ಗಳೂ ಇವರ ಜೊತೆಗೇ ಕಲಿತರು. ಇಂಥ ಶಾಲೆಗಳು ಅರಿಜೋನಾದ ಮೆಸಾ, ಫ್ಲಾರಿಡಾದ ಕ್ಲೂಯಿಸ್ಟನ್ ಮುಂತಾದ ಕಡೆಯೂ ಇದ್ದವು. ಅವುಗಳಲ್ಲಿ ಟೆರೆಲ್‌ನ ಶಾಲೆಗೆ ಕೊಟ್ಟ ಕ್ರಮಸಂಖ್ಯೆ 1. 2,000ಕ್ಕೂ ಹೆಚ್ಚು ಆರ್‌ಎಎಫ್ ಹುಡುಗರು ಅಲ್ಲಿಗೆ ಬಂದರು. 1945ರಲ್ಲಿ ಶಾಲೆ ಮುಚ್ಚಿತು, ಮೈದಾನ ಊರಿನ ವಿಮಾನ ನಿಲ್ದಾಣವಾಗಿ ಉಳಿಯಿತು.