ಶಿಯಾವ್: ಹೆತ್ತವರೊಂದಿಗೆ ಹೇಗಿರಬೇಕು ಎಂಬ ಚೀನೀ ವಿಚಾರ

ಚೀನಾದ ಸಮಾಜದ ಬಗ್ಗೆ ಏನೇ ಓದಿದರೂ ಶಿಯಾವ್ ಎಂಬ ಪದ ಎದುರಾಗುತ್ತದೆ. ಹೆತ್ತವರ ವಿಷಯದಲ್ಲಿ ಮಕ್ಕಳು ನಡೆದುಕೊಳ್ಳಬೇಕಾದ ರೀತಿಗೆ ಇರುವ ಹೆಸರು ಇದು. ಬದುಕಿರುವಾಗ ನೋಡಿಕೊಳ್ಳುವುದು, ಸತ್ತಾಗ ಕ್ರಮವಾಗಿ ಮಣ್ಣು ಮಾಡುವುದು, ಆಮೇಲೂ ಎಡೆ ಇಟ್ಟು ನೆನೆಯುವುದು, ಎಲ್ಲವೂ ಇದರಲ್ಲಿ ಸೇರಿದೆ.

ಪಿತೃಗಳಿಗೆ ಎಡೆ ಇಡುವ ಪದ್ಧತಿ ಚೀನಾದ ತತ್ವಜ್ಞಾನಿ ಕನ್‌ಫ್ಯೂಷಿಯಸ್‌ಗಿಂತ (ಕ್ರಿ.ಪೂ. 551–479) ಎಷ್ಟೋ ಹಳೆಯದು. ಅವನು ಗಮನ ಕೊಟ್ಟಿದ್ದು ಅದನ್ನು ಮಾಡುವವರ ಮನಸ್ಸಿಗೆ. ಅವನ ಮಾತುಗಳ ಸಂಗ್ರಹ 'ಲುನ್ ಯು'. ಅದರಲ್ಲಿ ಶಿಷ್ಯನೊಬ್ಬ ಶಿಯಾವ್ ಅಂದರೆ ಏನು ಎಂದು ಕೇಳುತ್ತಾನೆ. ಈಗಿನವರು ಅಪ್ಪ ಅಮ್ಮನಿಗೆ ಊಟ ಹಾಕಿದರೆ ಮುಗಿಯಿತು ಅಂದುಕೊಂಡಿದ್ದಾರೆ, ನಾಯಿ ಕುದುರೆಗಳಿಗೂ ತಿನ್ನಲು ಹಾಕುತ್ತೇವಲ್ಲ, ಗೌರವ ಇಲ್ಲದಿದ್ದರೆ ವ್ಯತ್ಯಾಸ ಏನು ಎನ್ನುತ್ತಾನೆ ಗುರು. ಇನ್ನೊಬ್ಬ ಶಿಷ್ಯನಿಗೆ ಕೊಟ್ಟ ಉತ್ತರ ಇನ್ನೂ ಸೂಕ್ಷ್ಮ: ಕಷ್ಟವಿರುವುದು ಮುಖಭಾವದಲ್ಲಿ. ಹಿರಿಯರ ಕೆಲಸ ಮಾಡಿಕೊಡುವುದು, ಅವರಿಗೆ ಮೊದಲು ಬಡಿಸುವುದು ಸುಲಭ. ಮುಖ ಗಂಟಿಕ್ಕದೆ ಮಾಡುವುದು ಕಷ್ಟ. ವಯಸ್ಸಾದವರನ್ನು ನೋಡಿಕೊಂಡವರಿಗೆ ಇದು ಗೊತ್ತಿರುವ ಮಾತೇ, ಅಲ್ವಾ?

ಶಿಯಾವ್ ಅಂದರೆ ಸುಮ್ನೆ ತಲೆಬಾಗುವುದು ಅಂದುಕೊಳ್ಳುವವರೇ ಜಾಸ್ತಿ. ಮೂಲದಲ್ಲಿ ಹಾಗಿಲ್ಲ. ಹೆತ್ತವರು ತಪ್ಪು ಮಾಡಿದರೆ ಮೆಲ್ಲಗೆ ತಿಳಿಹೇಳಬೇಕು ಎಂದು ಲುನ್ ಯು ಹೇಳುತ್ತದೆ. ಆದರೆ ಕೇಳದಿದ್ದರೂ ಗೌರವ ಬಿಡಬಾರದು.

ಈ ವಿಚಾರದ ಇಕ್ಕಟ್ಟು ಕಾಣುವುದು ಲುನ್ ಯುವಿನಲ್ಲೇ ಬರುವ ಕುರಿ ಕದ್ದ ತಂದೆಯ ಪ್ರಸಂಗದಲ್ಲಿ. ನಮ್ಮಲ್ಲೊಬ್ಬ ಎಷ್ಟು ನೇರ ಮನುಷ್ಯ ಅಂದರೆ, ತಂದೆ ಕುರಿ ಕದ್ದಾಗ ತಾನೇ ಸಾಕ್ಷಿ ಹೇಳಿದ ಎಂದು ಅಧಿಕಾರಿಯೊಬ್ಬ ಹೆಮ್ಮೆಪಡುತ್ತಾನೆ. ಕನ್‌ಫ್ಯೂಷಿಯಸ್ ಒಪ್ಪುವುದಿಲ್ಲ. ನಮ್ಮ ಕಡೆ ತಂದೆ ಮಗನ ತಪ್ಪನ್ನು ಮುಚ್ಚಿಡುತ್ತಾನೆ, ಮಗ ತಂದೆಯ ತಪ್ಪನ್ನು ಮುಚ್ಚಿಡುತ್ತಾನೆ, ನೇರವಂತಿಕೆ ಇರುವುದು ಅಲ್ಲೇ ಎನ್ನುತ್ತಾನೆ. ಕುರಿ ಕಳೆದುಕೊಂಡವನ ಗತಿ ಏನು ಎಂಬ ಪ್ರಶ್ನೆ ಉಳಿದೇ ಇದೆ. ಆದರೂ ಮನೆಯೊಳಗಿನ ನಂಬಿಕೆ ಒಡೆದರೆ ಊರಿನ ನ್ಯಾಯ ಯಾವುದರ ಮೇಲೆ ನಿಲ್ಲಬೇಕು ಎಂಬ ಅವನ ಕಾಳಜಿ ನನಗೆ ದೊಡ್ಡದಾಗಿ ಕಾಣುತ್ತದೆ.

ಮುಂದೆ ರಾಜಸತ್ತೆ ಈ ವಿಚಾರವನ್ನು ತನ್ನದಾಗಿಸಿಕೊಂಡಿತು. ಮನೆಯಲ್ಲಿ ಹಿರಿಯರ ಮಾತು ಕೇಳುವವನು ಹೊರಗೆ ದಂಗೆ ಏಳುವುದಿಲ್ಲ ಎಂಬ ಲೆಕ್ಕಾಚಾರ ಅದರದು. ಹಾನ್ ರಾಜವಂಶದ ಕಾಲದಲ್ಲಿ (ಕ್ರಿ.ಪೂ. 206–ಕ್ರಿ.ಶ. 220) ಶಿಯಾವ್ ಇದ್ದವರನ್ನು ಹುಡುಕಿ ಅಧಿಕಾರಿಗಳಾಗಿ ಆರಿಸುತ್ತಿದ್ದರು. ತಂದೆ ಅಥವಾ ತಾಯಿ ತೀರಿಕೊಂಡರೆ ಅಧಿಕಾರಿ ಹುದ್ದೆ ಬಿಟ್ಟು ಊರಿಗೆ ಹೋಗಿ 27 ತಿಂಗಳು ಶೋಕ ಆಚರಿಸಬೇಕು ಎಂಬ ನಿಯಮ ನಂತರದ ಕಾಲದಲ್ಲಿ ಗಟ್ಟಿಯಾಯಿತು. ಟಾಂಗ್ ರಾಜವಂಶದ ಕಾಲದ (ಕ್ರಿ.ಶ. 618–907) ಕಾನೂನಿನಲ್ಲಿ, ರಾಜದ್ರೋಹದಂಥವನ್ನು ಬಿಟ್ಟರೆ, ಹೆತ್ತವರ ಮೇಲೆ ದೂರು ಕೊಟ್ಟ ಮಕ್ಕಳಿಗೆ ಮರಣದಂಡನೆ. ಮೆಲ್ಲಗೆ ತಿಳಿಹೇಳು ಎಂದಿದ್ದ ಪಾಠ ಹೀಗೆ ಬಿಗಿಯಾಯಿತು. ಇದರ ಭಾರ ಜಾಸ್ತಿ ಹೊತ್ತವರು ಸೊಸೆಯಂದಿರು.

1919ರ ಮೇ ನಾಲ್ಕರ ವಿದ್ಯಾರ್ಥಿ ಚಳವಳಿಯ ಕಾಲದ ಯುವಕರು ಕನ್‌ಫ್ಯೂಷಿಯಸ್ ವಿರುದ್ಧ ಸಿಡಿದೆದ್ದದ್ದು ಈ ಬಿಗಿಯ ಕಾರಣಕ್ಕೇ. 1966ರಲ್ಲಿ ಮಾವೋ ನಾಯಕತ್ವದಲ್ಲಿ ಶುರುವಾದ, ಹಳೆಯ ಪದ್ಧತಿಗಳನ್ನು ಅಳಿಸಹೊರಟ ಸಾಂಸ್ಕೃತಿಕ ಕ್ರಾಂತಿ ಇನ್ನೂ ಮುಂದೆ ಹೋಯಿತು. ಮಕ್ಕಳೇ ಹೆತ್ತವರ ಮೇಲೆ ದೂರು ಕೊಟ್ಟರು. ಆ ಗಾಯ ಇನ್ನೂ ಮಾಸಿಲ್ಲ. 2012ರಲ್ಲಿ ತಿದ್ದಿದ ಅಪರಾಧ ವಿಚಾರಣೆಯ ಕಾನೂನಿನ ಪ್ರಕಾರ ಆರೋಪಿಯ ಹೆತ್ತವರು, ಮಕ್ಕಳು, ಗಂಡ ಅಥವಾ ಹೆಂಡತಿಯನ್ನು ಕೋರ್ಟಿಗೆ ಬಂದು ಸಾಕ್ಷಿ ಹೇಳುವಂತೆ ಒತ್ತಾಯಿಸುವಂತಿಲ್ಲ.

2013ರ ಜುಲೈ 1ರಿಂದ ಇನ್ನೊಂದು ಕಾನೂನು ಜಾರಿಯಾಯಿತು. ಬೇರೆ ಇರುವ ಮಕ್ಕಳು ಆಗಾಗ ಹೆತ್ತವರನ್ನು ನೋಡಲು ಹೋಗಬೇಕು, ಇಲ್ಲವೇ ವಿಚಾರಿಸಿಕೊಳ್ಳಬೇಕು ಎನ್ನುತ್ತದೆ ಅದು. ಅದೇ ದಿನ ವೂಶಿ ನಗರದ ಕೋರ್ಟು, 77 ವರ್ಷದ ತಾಯಿಯನ್ನು ಎರಡು ತಿಂಗಳಿಗೆ ಒಮ್ಮೆಯಾದರೂ ನೋಡಬೇಕು ಎಂದು ಮಗಳಿಗೆ ಆದೇಶ ಕೊಟ್ಟಿತು. ಒಂದೇ ಮಗುವಿನ ನೀತಿಯಲ್ಲಿ ಹುಟ್ಟಿದ ಗಂಡ ಹೆಂಡತಿ ಇಬ್ಬರೇ ನಾಲ್ವರು ಹಿರಿಯರನ್ನು ನೋಡಿಕೊಳ್ಳಬೇಕಾದ ಮನೆಗಳು ಈಗ ಚೀನಾದಲ್ಲಿ ಲೆಕ್ಕವಿಲ್ಲದಷ್ಟಿವೆ.